ನಾಯಿಮರಿಯ ಮೈತೂಕ

ಮನೆಗೆ ತಂದ ನಾಯಿಮರಿಯು ಗುಂಡಗಾದರೆ ನಾವು ಹಿಗ್ಗುತ್ತೇವೆ. ಸಪೂರವಾಗಿ ಕಂಡರೆ ಮರುಗಿ ಇನ್ನೊಂದು ಹಿಡಿ ಅನ್ನವನ್ನಿಕ್ಕುತ್ತೇವೆ. ಈ ಮಮತೆಯೇ ಅನೇಕ ವೇಳೆ ಮರಿಗೆ ಕೇಡಾಗುವುದುಂಟು. ಬೆಳೆಯುವ ಮರಿಯ ತೂಕವು ವಾರವಾರಕ್ಕೂ ಏರುವುದರಿಂದ ತಕ್ಕಡಿಯೊಂದನ್ನೇ ನಂಬಲಾಗದು, ಕೈಯಿಂದಲೂ ಪರೀಕ್ಷಿಸತಕ್ಕದ್ದು.

ನಿಮ್ಮ ಒಂದು ಕೈಯನ್ನು ಚಾಚಿ, ಅದರ ಹಿಂಬದಿಯ ಗೆಣ್ಣುಗಳನ್ನು ಇನ್ನೊಂದು ಕೈಯಿಂದ ಸವರಿರಿ. ಮರಿಯ ಪಕ್ಕೆಲುಬುಗಳು ಹಾಗೆಯೇ ತಗಲಿದರೆ ಮೈ ಹದವಾಗಿದೆ. ಬಿಗಿದ ಮುಷ್ಟಿಯ ಗೆಣ್ಣುಗಳಂತೆ ಎದ್ದು ತಗಲಿದರೆ ಬಡಕಲು. ಒತ್ತಿದರೂ ಎಲುಬು ಸಿಕ್ಕದಿದ್ದರೆ ಕೊಬ್ಬು ಹೆಚ್ಚು. ಮರಿಯು ಕೆಲವು ತಿಂಗಳು ಬೆಳೆದ ಮೇಲೆ, ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ನಡುವು ತೋರಬೇಕು. ಮೈ ಬಡವಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಪುಷ್ಟಿಯಲ್ಲ, ಜಂತುಹುಳುವಿನ ಬಾಧೆಯಾಗಿರಬಹುದು, ಪಶುವೈದ್ಯರಿಗೆ ತೋರಿಸಿರಿ.

ತಳಿಯನ್ನೂ ಗಮನಿಸಬೇಕು. ನಮ್ಮ ಮುಧೋಳದ ಬೇಟೆನಾಯಿಯು ಓಟಕ್ಕೆ ತಕ್ಕಂತೆ ಸ್ವಭಾವತಃ ತೆಳುಮೈಯುಳ್ಳದ್ದು. ಅದನ್ನು ಹಸಿದುದೆಂದೆಣಿಸಿ ಕೊಬ್ಬಿಸುವುದು ಸಲ್ಲದು. ದೊಡ್ಡ ತಳಿಗಳ ಮರಿಗಳಿಗೆ ಅತಿಯಾಗಿ ಉಣಿಸಿದರೆ ಎಲುಬು ಕೀಲುಗಳು ಕೆಡುವ ಭಯವುಂಟು.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಜೋಡಿ ಮಾಡಿ, ಜೋಡಿಯಲ್ಲೊಂದಕ್ಕೆ ಕಾಲುಭಾಗ ಕಡಿಮೆ ಆಹಾರವನ್ನಿತ್ತು ಜೀವಮಾನವಿಡೀ ನೋಡಿದರು. 2002ರಲ್ಲಿ ಪ್ರಕಟವಾದ ಫಲವೇನೆಂದರೆ, ಮಿತವಾಗಿ ಉಂಡವುಗಳ ಆಯುಸ್ಸು ಸುಮಾರು 2 ವರ್ಷ ಹೆಚ್ಚಾಗಿತ್ತು. ಕೀಲುಬೇನೆಯೂ ತಡವಾಗಿ ಬಂದಿತು.

ಹಾಗೆಂದು ಮರಿಯನ್ನು ಉಪವಾಸ ಕೆಡವಬಾರದು. ಅಳತೆಯಿಂದ ಉಣಿಸಿ, ವಾರಕ್ಕೊಮ್ಮೆ ಮೈದಡವಿ ನೋಡಿರಿ. ಬಟ್ಟಲು ತುಂಬಿಸುವ ಕೈಗಿಂತ ಪಕ್ಕೆಯನ್ನು ಸವರಿ ತಿಳಿಯುವ ಕೈಯೇ ಮರಿಗೆ ಹಿತವಾದುದು.