ಟೊಂಕದ ಬಾಗು: ವಯಸ್ಸು ಮತ್ತು ಲಿಂಗಭೇದ

ಊರಿನಿಂದ ಎರ್ನಾಕುಲಂಗೆ, ಮಗನ ಮನೆಗೆ ಬಂದು ನೆಲೆಸಿದ ವೃದ್ಧ ತಾಯಿಯೊಬ್ಬರಿಗೆ ಸೊಂಟನೋವು ಬರುತ್ತದೆ. ಕ್ಷಕಿರಣ ಚಿತ್ರದ ವರದಿಯಲ್ಲಿ ‘ಟೊಂಕದ ಸಹಜ ಬಾಗು ಕಡಿಮೆಯಾಗಿದೆ’ ಎಂಬ ಸಾಲೊಂದಿರುತ್ತದೆ. ಮನೆಮಂದಿಗೆಲ್ಲ ಗಾಬರಿ. ಆದರೆ ಎಷ್ಟು ಬಾಗು ಸಹಜವೆಂಬುದು ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ವಾಚಕರು ಮೊದಲು ಗಮನಿಸಬೇಕು.

ನವಜಾತ ಶಿಶುವಿನ ಬೆನ್ನು ಬಿಲ್ಲಿನಂತೆ ಒಂದೇ ಕಡೆಗೆ ಬಾಗಿರುತ್ತದೆ. ಕತ್ತು ನಿಂತಾಗ ಕೊರಳಿನ ಬಾಗೂ, ಮಗು ಕುಳಿತು, ಎದ್ದು, ಹೆಜ್ಜೆಯಿಡತೊಡಗಿದಾಗ ಟೊಂಕದ ಒಳಬಾಗೂ ಮೂಡುತ್ತವೆ. ಹೊಟ್ಟೆ ಮುಂದೆ ಮಾಡಿ ನಡೆಯುವ ಪುಟ್ಟ ಮಗುವನ್ನು ಕಂಡು ಅಜ್ಜಿಯರು ‘ಗಣಪ’ನೆಂದು ನಗುವುದುಂಟು, ಆ ವಯಸ್ಸಿಗೆ ಅದು ಸಹಜವೇ. ವಯಸ್ಕರಲ್ಲಿ ಮೊದಲನೆಯ ಟೊಂಕದ ಕಶೇರುವಿನಿಂದ ತ್ರಿಕಾಸ್ಥಿಯವರೆಗಿನ ಕೋನವು ಸಾಮಾನ್ಯವಾಗಿ 40ರಿಂದ 60 ಡಿಗ್ರಿ; ನೋವಿಲ್ಲದವರಲ್ಲಿಯೂ ಇದಕ್ಕಿಂತ ಹೆಚ್ಚುಕಡಿಮೆ ಇರಬಹುದು.

ಸ್ತ್ರೀಯರ ವಿಚಾರ ಸ್ವಾರಸ್ಯಕರ. ವಿಟ್‌ಕಮ್, ಶಪಿರೊ, ಲೀಬರ್ಮನ್ ಎಂಬ ವಿಜ್ಞಾನಿಗಳು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಟೊಂಕದ ಬೆಣೆಯಾಕಾರದ ಕಶೇರುಗಳು ಪುರುಷರಲ್ಲಿ ಎರಡು, ಸ್ತ್ರೀಯರಲ್ಲಿ ಮೂರು. ಬಸುರಿನ ಭಾರ ಮುಂದಕ್ಕೆ ಸರಿದಾಗ ಗರ್ಭಿಣಿಯು ಟೊಂಕವನ್ನು ಇನ್ನಷ್ಟು ಒಳಬಾಗಿಸಿ ಸಮತೋಲ ಕಾಯ್ದುಕೊಳ್ಳುತ್ತಾಳೆ. ಹೆಚ್ಚು ಕಶೇರುಗಳಲ್ಲಿ ಹಂಚಿಹೋದ ಬಾಗು ಅದಕ್ಕೆ ಅನುಕೂಲ. ಸುಮಾರು 20 ಲಕ್ಷ ವರ್ಷಗಳ ಹಿಂದಿನ ಮಾನವಪೂರ್ವಜರ ಅವಶೇಷಗಳಲ್ಲಿಯೂ ಈ ಭೇದ ಕಂಡುಬಂದಿದೆ. ಹುಡುಗಿಯೊಬ್ಬಳ ನಡು ಒಳಬಾಗಿದೆಯೆಂದು ‘ನೆಟ್ಟಗೆ ನಿಲ್ಲು’ ಎಂದು ಗದರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಮುಪ್ಪಿನಲ್ಲಿ ಕಶೇರುಗಳ ನಡುವಣ ಮೆತ್ತೆಗಳು ಸವೆದು, ಬಾಗು ಕುಗ್ಗುವುದು ಸಾಮಾನ್ಯ. ಸ್ನಾಯುಗಳು ಬಿಗಿಹಿಡಿದಾಗಲೂ, ಮಲಗಿಸಿ ಚಿತ್ರ ತೆಗೆದಾಗಲೂ ಅದು ಕಡಿಮೆಯಾಗಿ ಕಾಣಬಹುದು. ಆದುದರಿಂದ ವರದಿಯ ಆ ಸಾಲೊಂದೇ ರೋಗವಲ್ಲ. ಆದರೆ ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿ ಕಶೇರುಗಳ ಮುಂಭಾಗ ಕುಸಿದರೆ ಗೂನು ಬರುತ್ತದೆ, ಎತ್ತರ ಕುಗ್ಗುತ್ತದೆ, ನೆಟ್ಟಗೆ ನಿಲ್ಲಲು ಮಂಡಿ ಮಡಿಸಬೇಕಾಗುತ್ತದೆ. ಇದನ್ನು ‘ವಯಸ್ಸಾಯಿತು’ ಎಂದು ಸುಮ್ಮನೆ ಬಿಡಲಾಗದು. ಮೂಳೆಸಾಂದ್ರತೆಯ ಪರೀಕ್ಷೆ ಆಗಲೇಬೇಕು. 2011ರ ಜನಗಣತಿಯಲ್ಲಿ ಕೇರಳದ ಜನರಲ್ಲಿ ಅರುವತ್ತು ದಾಟಿದವರು ನೂರಕ್ಕೆ 12.6, ಇಲ್ಲಿಯ ವೈದ್ಯರಿಗೆ ಈ ನೋವು ಹೊಸದಲ್ಲ.

ಭಾಷೆಯ ಅಂಜಿಕೆಯೂ ಬೇಡ. ಮಲಯಾಳದಲ್ಲಿ ಇದು ‘ನಡುವೇದನ’. ನಮ್ಮ ‘ನಡು’ವೇ ಅಲ್ಲಿಯೂ ಇದೆ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ, ತಾಯಿಯನ್ನು ಕರೆದೊಯ್ಯುವಾಗ ಹಳೆಯ ಚಿತ್ರಗಳನ್ನು ಜೊತೆಗಿಟ್ಟುಕೊಂಡು, ಎತ್ತರ ಎಷ್ಟು ಕುಗ್ಗಿದೆ, ಈಚೆಗೆ ಬಿದ್ದುದುಂಟೆ ಎಂಬುದನ್ನು ವೈದ್ಯರಿಗೆ ತಿಳಿಸಿರಿ. ಕಾಲು ಬಲಹೀನವಾದರೆ, ಮೂತ್ರದ ಹಿಡಿತ ತಪ್ಪಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.