ಕಲ್ಯಾಣದ ಮದುವೆ: ಒಂದು ಪರಿಶೀಲನೆ

ರಾಜಾಜಿನಗರದಿಂದ ಪಶ್ಚಿಮಕ್ಕೆ ಕಾರ್ಡ್ ರಸ್ತೆಯನ್ನು ದಾಟಿದರೆ ಬಸವೇಶ್ವರನಗರ ದೊರೆಯುತ್ತದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರು ದಿನವೂ ಈ ಎರಡು ಬಡಾವಣೆಗಳ ನಡುವೆ ಓಡಾಡುವವರೇ. ಬಸ್ಸಿನ ಬೋರ್ಡಿನಲ್ಲಿ ಕಾಣುವ ಈ ಹೆಸರುಗಳು ಎರಡು ಮದುವೆಗಳನ್ನು ನೆನಪಿಗೆ ತರುತ್ತವೆಂಬುದು ನನಗೆ ಹೊಳೆದುದು ಈ ವರ್ಷ, ಕನ್ನಡ ತರಗತಿಯಲ್ಲಿ. ಅಂದು ಅಧ್ಯಾಪಕರು ಕಲ್ಯಾಣದ ಕ್ರಾಂತಿಯ ಪಾಠವನ್ನು ಮುಗಿಸಿದ್ದರು. ಹಿಂದಿನ ಬೆಂಚಿನಲ್ಲಿದ್ದ ಸಹಪಾಠಿನಿಯೊಬ್ಬಳು ಎದ್ದುನಿಂತು, "ಸರ್, ಮದುವೆಯಾದ ಆ ಹುಡುಗ ಹುಡುಗಿ ಮುಂದೆ ಏನಾದರು?" ಎಂದು ಕೇಳಿದಳು. ಅಧ್ಯಾಪಕರು ಕೊಂಚ ಹೊತ್ತು ಸುಮ್ಮನಿದ್ದು, "ಒಳ್ಳೆಯ ಪ್ರಶ್ನೆ. ನೀವೇ ಹುಡುಕಿ ನೋಡಿ" ಎಂದರು. ಹಾಗೆ ಹುಡುಕಿದುದರ ಫಲ ಈ ಲೇಖನ.

ಕಥೆ ಸರ್ವವಿದಿತವಾದುದೇ. ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣಪಟ್ಟಣದಲ್ಲಿ, 12ನೆಯ ಶತಮಾನದಲ್ಲಿ, ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡ ಕಳಚುರಿ ಬಿಜ್ಜಳನು ಆಳುತ್ತಿದ್ದನು. ಬಸವಣ್ಣನವರು ಅವನ ಭಂಡಾರಿಗಳು. ಅವರ ಸುತ್ತ ನೆರೆದ ಶರಣರಲ್ಲಿ ಸಮಗಾರ ಹರಳಯ್ಯನೂ ಒಬ್ಬ. ಬ್ರಾಹ್ಮಣನಾಗಿ ಹುಟ್ಟಿ ರಾಜಸೇವೆಯಲ್ಲಿದ್ದ ಮಧುವರಸನೂ ಒಬ್ಬ. ಮಧುವರಸನ ಮಗಳನ್ನು ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟು ಮದುವೆ ಮಾಡಿದರು. ವರ್ಣಸಂಕರವಾಯಿತೆಂಬ ದೂರು ಅರಮನೆಯನ್ನು ಮುಟ್ಟಿತು. ಬಿಜ್ಜಳನು ಬೀಗರಿಬ್ಬರ ಕಣ್ಣು ಕೀಳಿಸಿ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದನು. ಎಂದರೆ ಆನೆಯ ಕಾಲಿಗೆ ಕಟ್ಟಿಸಿ ಬೀದಿಯಲ್ಲಿ ಎಳೆಸಿದನು. ಮುಂದೆ ರಾಜನ ಕೊಲೆಯಾಯಿತು, ಶರಣರು ಚದುರಿದರು. ಬಸವಣ್ಣನವರು ಕೂಡಲಸಂಗಮಕ್ಕೂ ಚೆನ್ನಬಸವಣ್ಣನವರು ಉಳವಿಗೂ ಹೋದರೆಂಬುದು ಸಂಪ್ರದಾಯದ ಹೇಳಿಕೆ.

ಇದು ಒಂದೇ ಧರ್ಮದವರ ಮದುವೆಯೋ, ಬೇರೆ ಬೇರೆ ಧರ್ಮದವರ ಮದುವೆಯೋ? ಉತ್ತರವು ನೋಡುವವರನ್ನು ಅವಲಂಬಿಸಿದೆ. ಶರಣರ ದೃಷ್ಟಿಯಲ್ಲಿ ಎರಡು ಮನೆಯವರೂ ಇಷ್ಟಲಿಂಗವನ್ನು ಧರಿಸಿದವರು. ಲಿಂಗವಂತರಲ್ಲಿ ಹುಟ್ಟಿದ ಜಾತಿಯ ಮಾತೇ ಇಲ್ಲ. ಆಸ್ಥಾನದ ದೃಷ್ಟಿಯಲ್ಲಿ ಮಾತ್ರ ಹೊಸ ಧರ್ಮವು ಹಳೆಯ ಹುಟ್ಟನ್ನು ಅಳಿಸಿರಲಿಲ್ಲ. ಒಬ್ಬ ಸಮಗಾರನಾಗಿಯೇ ಉಳಿದಿದ್ದ, ಇನ್ನೊಬ್ಬ ಬ್ರಾಹ್ಮಣನಾಗಿಯೇ ಉಳಿದಿದ್ದ. ಮದುವೆಯ ದಿಕ್ಕೂ ಇಲ್ಲಿ ಮುಖ್ಯ. ಮೇಲಿನ ವರ್ಣದ ಗಂಡು ಕೆಳಗಿನ ವರ್ಣದ ಹೆಣ್ಣನ್ನು ವರಿಸಿದರೆ ಅದು ಅನುಲೋಮ. ಧರ್ಮಶಾಸ್ತ್ರಗಳು ಅದನ್ನು ಹೇಗೋ ಸಹಿಸುತ್ತಿದ್ದವು. ಇದಕ್ಕೆ ವಿರುದ್ಧವಾದುದು ಪ್ರತಿಲೋಮ. ಶೂದ್ರ ಪುರುಷನಿಗೆ ಬ್ರಾಹ್ಮಣ ಸ್ತ್ರೀಯಲ್ಲಿ ಹುಟ್ಟಿದ ಮಗುವನ್ನು ಮನುಸ್ಮೃತಿಯು ಚಂಡಾಲನೆಂದು ಕರೆಯುತ್ತದೆ. ಕಲ್ಯಾಣದ ಮದುವೆ ಈ ಎರಡನೆಯ ಬಗೆಯದು. ರಾಜದಂಡ ಅಷ್ಟು ಕ್ರೂರವಾಗಿ ಎದ್ದುದರ ಕಾರಣವನ್ನು ಇಲ್ಲಿ ಕಾಣಬಹುದು.

ಇನ್ನು ಆಧಾರಗಳ ವಿಷಯ. ಬಸವಣ್ಣನವರ ಹೆಸರುಳ್ಳ 1260ರ ಅರ್ಜುನವಾಡ ಶಾಸನದಲ್ಲಿ ಈ ಮದುವೆಯ ಪ್ರಸ್ತಾಪವಿಲ್ಲ. ಪಾಲ್ಕುರಿಕೆ ಸೋಮನಾಥನು 13ನೆಯ ಶತಮಾನದಲ್ಲಿ ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು; 1369ರಲ್ಲಿ ಭೀಮಕವಿಯು ಅದನ್ನು ಕನ್ನಡಕ್ಕೆ ತಂದನು. ಈ ಪರಂಪರೆಯಲ್ಲಿ ಬಿಜ್ಜಳನು ಇಬ್ಬರು ಭಕ್ತರ ಕಣ್ಣು ಕೀಳಿಸಿದ ಪ್ರಸಂಗವೂ, ಅದರಿಂದ ಕೆರಳಿದ ಜಗದೇವನು ರಾಜನನ್ನು ಕೊಂದ ಪ್ರಸಂಗವೂ ಇವೆ. ಮದುವೆಯ ವೃತ್ತಾಂತ ಬೆಳೆದು ನಿಂತುದು ನಂತರದ ವೀರಶೈವ ಕಥನಗಳಲ್ಲಿ ಮತ್ತು ಜನರ ಬಾಯಲ್ಲಿ. ಹಾಗೆಂದು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಬೇಕಾದುದಿಲ್ಲ. ಸಮಾನತೆಯನ್ನು ಮಾತಿನಲ್ಲಿ ಒಪ್ಪಿದ ಸಮಾಜದ ನಿಜವಾದ ಪರೀಕ್ಷೆ ಎಲ್ಲಿ ನಡೆಯುತ್ತದೆಂಬುದನ್ನು ಜನಮನಸ್ಸು ಸರಿಯಾಗಿಯೇ ಗುರುತಿಸಿತು. ಜೊತೆಯಲ್ಲಿ ಕುಳಿತು ಅನುಭಾವ ನಡೆಸಿದಾಗ ಅರಮನೆ ಸಹಿಸಿಕೊಂಡಿತ್ತು. ಹೆಣ್ಣು ಕೊಟ್ಟು ತಂದಾಗ ಸಹಿಸಲಿಲ್ಲ.

ಆದರೆ ನಮ್ಮ ಸಹಪಾಠಿನಿಯ ಪ್ರಶ್ನೆಗೆ ಉತ್ತರವೆಲ್ಲಿ? ಕಥೆಯ ರೂಪಾಂತರಗಳನ್ನು ಹೋಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಂದೆಯರ ಹೆಸರುಗಳು ಎಲ್ಲ ಕಡೆಯೂ ನಿಶ್ಚಿತವಾಗಿವೆ. ವಧುವಿನ ಹೆಸರು ಮಾತ್ರ ಒಂದೆಡೆ ಲಾವಣ್ಯವತಿ, ಮತ್ತೊಂದೆಡೆ ಕಲಾವತಿ. ಶೀಲವಂತನು ಕೆಲವು ಹೇಳಿಕೆಗಳಲ್ಲಿ ತಂದೆಯೊಡನೆ ಶಿಕ್ಷೆಗೊಳಗಾಗುತ್ತಾನೆ. ಮತ್ತೆ ಕೆಲವುಗಳಲ್ಲಿ ಅವನ ಸುದ್ದಿಯೇ ಇಲ್ಲ. ಆ ಹೆಣ್ಣುಮಗಳಿಗೆ ಒಪ್ಪಿಗೆ ಇತ್ತೇ, ಅವರಿಬ್ಬರೂ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರೇ ಎಂದು ಯಾವ ಕಥೆಗಾರನೂ ಕೇಳಿದಂತಿಲ್ಲ. ಒಂದು ರಾಜ್ಯವನ್ನೇ ಅಲುಗಿಸಿದ ಮದುವೆಯಲ್ಲಿ ವಧೂವರರು ಮೌನವಾಗಿದ್ದಾರೆ.

ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ರೋಮಿಯೋ ಮತ್ತು ಜೂಲಿಯೆಟರ ನೆನಪಾಗುವುದು ಸಹಜ. ಷೇಕ್ಸ್‌ಪಿಯರನ ಆ ನಾಟಕವು 'ರಾಮವರ್ಮ ಲೀಲಾವತಿ'ಯೆಂಬ ರೂಪದಲ್ಲಿ 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿತ್ತು. ವೆರೋನಾ ನಗರದಲ್ಲಿ ಎರಡು ಮನೆತನಗಳು ಹಗೆ ಸಾಧಿಸುತ್ತವೆ, ಮಕ್ಕಳು ಒಲಿಯುತ್ತಾರೆ, ದೊರೆಯು ಜಗಳವನ್ನು ದಂಡಿಸುತ್ತಾನೆ. ಕಲ್ಯಾಣದಲ್ಲಿ ಎಲ್ಲವೂ ತಿರುಗುಮುರುಗು. ಮನೆತನಗಳು ಒಂದಾಗುತ್ತವೆ, ಹಗೆಯು ಊರಿನದು, ದೊರೆಯು ದಂಡಿಸುವುದು ಕೂಡಿಕೆಯನ್ನು. ವೆರೋನಾದಲ್ಲಿ ಮಕ್ಕಳು ಸತ್ತು ತಂದೆಯರು ಒಂದಾಗುತ್ತಾರೆ. ಇಲ್ಲಿ ಒಂದಾದುದಕ್ಕಾಗಿಯೇ ತಂದೆಯರು ಸಾಯುತ್ತಾರೆ. ಎರಡು ಮನೆಗಳ ಹಗೆಯನ್ನು ನಾಲ್ವರು ಹಿರಿಯರು ಕುಳಿತು ತೀರಿಸಬಹುದು; ಊರಿಗೇ ಹಿಡಿದ ಹಗೆಯನ್ನು ಮನೆಯವರ ಒಪ್ಪಿಗೆಯೊಂದೇ ತೀರಿಸಲಾರದು.

ಮೌನವಾಗಿದ್ದ ಈ ಜೋಡಿಯ ಕಡೆಗೆ ನಮ್ಮ ಕಾಲದ ನಾಟಕಕಾರರು ತಿರುಗಿ ನೋಡಿದರು. ಪಿ. ಲಂಕೇಶರ 'ಸಂಕ್ರಾಂತಿ' (1971) ನಾಟಕದಲ್ಲಿ ರುದ್ರನೆಂಬ ಕೆಳಜಾತಿಯ ಯುವಕನೂ ಉಷಾ ಎಂಬ ಬ್ರಾಹ್ಮಣ ಕನ್ಯೆಯೂ ಬರುತ್ತಾರೆ. ಹಿರಿಯರು ನಿಶ್ಚಯಿಸಿದ ಮದುವೆಯ ಬದಲು ಕಿರಿಯರ ಒಲವೇ ಅಲ್ಲಿ ವಿಚಾರಣೆಗೆ ನಿಲ್ಲುತ್ತದೆ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' 1986ರಲ್ಲಿ ಬಂದಿತು. ಗಿರೀಶ ಕಾರ್ನಾಡರು 'ತಲೆದಂಡ'ದಲ್ಲಿ (1990) ಮದುವೆಯ ಮಾತು ಬಂದಾಗ ಮನೆಯೊಳಗೆ ಏಳುವ ಹಿಂಜರಿಕೆಯನ್ನೂ, ಮುಂದಾಗುವುದನ್ನು ಊಹಿಸಿದ ಬಸವಣ್ಣನವರ ಆತಂಕವನ್ನೂ ರಂಗಕ್ಕೆ ತಂದರು. ಮಂಡಲ ವರದಿಯ ಮತ್ತು ಅಯೋಧ್ಯೆಯ ಗಲಭೆಗಳ ಆ ದಿನಗಳಲ್ಲಿ ಜನರು ಅದನ್ನು ಬರಿಯ ಹಳೆಯ ಚರಿತ್ರೆಯೆಂದು ನೋಡಲಿಲ್ಲ. ಆ ಕೃತಿಗೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಈಗ ಕಾರ್ಡ್ ರಸ್ತೆಯನ್ನು ದಾಟಿ ಈಚೆಗೆ ಬರೋಣ. ರಾಜಾಜಿನಗರಕ್ಕೆ ಹೆಸರಿತ್ತ ಚಕ್ರವರ್ತಿ ರಾಜಗೋಪಾಲಾಚಾರ್ಯರು ವೈಷ್ಣವ ಬ್ರಾಹ್ಮಣರು. ಅವರ ಮಗಳು ಲಕ್ಷ್ಮಿಯೂ, ವೈಶ್ಯರಾದ ಗಾಂಧೀಜಿಯವರ ಕಿರಿಯ ಮಗ ದೇವದಾಸರೂ ಪರಸ್ಪರ ಒಲಿದರು. ಶಾಸ್ತ್ರದ ಕಣ್ಣಿಗೆ ಇದೂ ಪ್ರತಿಲೋಮವೇ. ತಂದೆಯರಿಬ್ಬರೂ ಆಪ್ತ ಮಿತ್ರರು, ದೇಶಕ್ಕೆ ಬುದ್ಧಿ ಹೇಳುವವರು. ಆದರೂ ಕೂಡಲೇ ಒಪ್ಪಿಗೆ ಕೊಡಲಿಲ್ಲ. ಐದು ವರ್ಷ ದೂರವಿರಿ, ಆಮೇಲೂ ಮನಸ್ಸು ಬದಲಾಗದಿದ್ದರೆ ನೋಡೋಣ ಎಂದರು. ಮನಸ್ಸು ಬದಲಾಗಲಿಲ್ಲ. 1933ರ ಜೂನಿನಲ್ಲಿ ಪುಣೆಯಲ್ಲಿ ಮದುವೆ ನಡೆಯಿತು. ಈ ದಂಪತಿಗಳು ಮುಂದೆ ಏನಾದರೆಂಬುದು ನಮಗೆ ಗೊತ್ತಿದೆ. ದೇವದಾಸರು ದೆಹಲಿಯಲ್ಲಿ 'ಹಿಂದೂಸ್ತಾನ್ ಟೈಮ್ಸ್' ಪತ್ರಿಕೆಯ ಸಂಪಾದಕರಾದರು. ಅವರಿಗೆ ನಾಲ್ವರು ಮಕ್ಕಳು. ಅವರಲ್ಲೊಬ್ಬರಾದ ರಾಜಮೋಹನ ಗಾಂಧಿಯವರು ತಂದೆಯ ತಂದೆ, ತಾಯಿಯ ತಂದೆ ಇಬ್ಬರ ಜೀವನಚರಿತ್ರೆಯನ್ನೂ ಬರೆದರು. ಕಲ್ಯಾಣದ ಜೋಡಿಗೆ ಇಂಥ ಮುಂದುವರಿಕೆ ದೊರೆಯಲಿಲ್ಲ.

ಈ ಎರಡು ಮದುವೆಗಳ ನಡುವೆ ಏಳೂವರೆ ಶತಮಾನಗಳಿಗಿಂತ ಹೆಚ್ಚಿನ ಅಂತರ. ಶಾಸನವೂ ನಿಧಾನವಾಗಿಯೇ ನಡೆದು ಬಂದಿತು. 1872ರ ಕಾಯಿದೆಯ ಪ್ರಕಾರ ಮದುವೆಯಾಗಬೇಕಾದರೆ ವಧೂವರರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಾಗಿತ್ತು. 1949ರ ಕಾಯಿದೆಯು ಹಿಂದೂಗಳೊಳಗಿನ ಅಂತರ್ಜಾತೀಯ ವಿವಾಹಗಳನ್ನು ಸಿಂಧುವೆಂದು ಸಾರಿತು. ಧರ್ಮವನ್ನು ಬಿಡದೆಯೂ ಅನ್ಯಧರ್ಮೀಯರನ್ನು ವರಿಸುವ ಹಕ್ಕು ದೊರೆತುದು 1954ರ ವಿಶೇಷ ವಿವಾಹ ಕಾಯಿದೆಯಿಂದ. ಅದರಲ್ಲಿಯೂ ವಿವಾಹಾಧಿಕಾರಿಯ ಕಚೇರಿಯಲ್ಲಿ ನೋಟೀಸು ಅಂಟಿಸಿ 30 ದಿನ ಕಾಯಬೇಕು. ಕಾನೂನಿನ ಮಟ್ಟಿಗೆ ಅದು ಆಕ್ಷೇಪಣೆಯ ಅವಧಿ. ಮನೆಯವರಿಗೆ ಅಂಜಿ ಬಂದ ಜೋಡಿಗೆ ಮಾತ್ರ ಅದು ಜೀವ ಕೈಯಲ್ಲಿ ಹಿಡಿದು ಕಳೆಯುವ ಅವಧಿ. ಪ್ರಾಪ್ತವಯಸ್ಕರಿಬ್ಬರ ಮದುವೆಗೆ ಕುಟುಂಬದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟವಾಗಿ ಹೇಳಿ, ಅಂಥವರ ರಕ್ಷಣೆಗೆ ನಿರ್ದೇಶನಗಳನ್ನು ಕೊಡಬೇಕಾಯಿತು. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಕೊಲೆಗಳು ನಿಂತಿದ್ದರೆ ಆ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ.

ಅಂದರೆ ಬಿಜ್ಜಳನ ಕೈಯಲ್ಲಿದ್ದ ದಂಡ ಇಂದು ರಾಜ್ಯದ ಕೈಯಲ್ಲಿಲ್ಲ. ಅದು ಮನೆಯ ಜಗಲಿಗೆ, ಓಣಿಯ ಕಟ್ಟೆಗೆ ಇಳಿದಿದೆ. ಕಲ್ಯಾಣದಲ್ಲಿ ತಂದೆಯರು ಮಕ್ಕಳಿಗಾಗಿ ಸತ್ತರು. ಇಂದಿನ ಸುದ್ದಿಗಳಲ್ಲಿ ಎಷ್ಟೋ ಸಲ ತಂದೆಯೂ ಅಣ್ಣಂದಿರೂ ಆರೋಪಿಗಳ ಸ್ಥಾನದಲ್ಲಿ ನಿಂತಿರುತ್ತಾರೆ. 2024ರಲ್ಲಿ ನಮ್ಮ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಅವರ ಭಾವಚಿತ್ರ ಕಚೇರಿಗಳಲ್ಲಿದೆ, ಅವರ ಹೆಸರಿನ ಬಡಾವಣೆಯಲ್ಲಿ ನಾವು ವಾಸಿಸುತ್ತೇವೆ. ಆ ಬಡಾವಣೆಯ ಮನೆಗಳಲ್ಲಿ ಹರಳಯ್ಯ, ಮಧುವರಸರಂಥ ಬೀಗರು ಎಷ್ಟು ಮಂದಿ ಸಿಕ್ಕಾರು ಎಂಬುದನ್ನು ವಾಚಕರೇ ಯೋಚಿಸಬೇಕು.

ಸಹಪಾಠಿನಿಯ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ: ಅವರು ಮುಂದೆ ಏನಾದರೆಂದು ಕೇಳುವ ವ್ಯವಧಾನ ಅಂದಿನವರಿಗೆ ಇರಲಿಲ್ಲ. ಕ್ರಾಂತಿಯನ್ನು ಬರೆದಿಟ್ಟವರು ಶಿಕ್ಷೆಯನ್ನು ಬರೆದರು, ಸೇಡನ್ನು ಬರೆದರು, ಸಂಸಾರವನ್ನು ಬರೆಯಲಿಲ್ಲ. ನಮ್ಮ ನಡುವೆಯೇ ಇಂಥ ಮದುವೆಯೊಂದು ನಡೆದರೆ ನಾವು ಒಂದು ದಿನ ಗುಸುಗುಸು ಮಾತನಾಡಿ ಮರೆತುಬಿಡುತ್ತೇವೆ. ಹಾಗೆ ಮಾಡದೆ, ತಿಂಗಳು ಕಳೆದ ಮೇಲೆ ಅವರ ಮನೆಗೆ ಹೋಗಿ ಕುಶಲ ವಿಚಾರಿಸಿ ಬರುವುದು ನಮ್ಮಂಥ ವಿದ್ಯಾರ್ಥಿಗಳ ಕೈಲಾಗುವ ಕೆಲಸವೇ ಆಗಿದೆ.