ತುಂಗೆಯ ಜಾಡಿನಲ್ಲಿ ಸೈಕಲ್: ದೂರಕ್ಕಿಂತ ಏರಿನ ಲೆಕ್ಕ ಮುಖ್ಯ

ಶಿವಮೊಗ್ಗದಿಂದ ಶೃಂಗೇರಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದು ಹೇಳಿ ನೋಡಿ. 'ಮಲೆನಾಡು ಮಾರಾಯ್ರೆ, ಬರೀ ಏರು!' ಎಂಬ ಉತ್ತರ ಬರುತ್ತದೆ. ಅದು ಅರ್ಧ ಮಾತ್ರ ನಿಜ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ತೀರ್ಥಹಳ್ಳಿ 590ರ ಆಸುಪಾಸು, ಶೃಂಗೇರಿ 670ರ ಆಸುಪಾಸು. ತುಂಗಾ ಕಣಿವೆಯಲ್ಲೇ ಸಾಗಿದರೆ ಇಡೀ ದಾರಿಗೆ ಏರುವುದು ನೂರು ಮೀಟರ್‌ನಷ್ಟು. ನಡುನಡುವೆ ಹಳ್ಳಕ್ಕಿಳಿದು ದಿಬ್ಬ ಹತ್ತುವುದು ಇದ್ದೇ ಇದೆ. ಆದರೆ ಕಾಲಿನ ಕಸುವು ಕರಗುವುದು ಹೊಳೆ ಬಿಟ್ಟು ಗುಡ್ಡದ ಕಡೆ ತಿರುಗಿದಾಗ. ಆದ್ದರಿಂದ ಹೊಳೆಯ ಪಕ್ಕದ ದಿನಗಳನ್ನು ಉದ್ದಕ್ಕೆ, ಗುಡ್ಡದ ದಿನಗಳನ್ನು ಗಿಡ್ಡಕ್ಕೆ ಇಟ್ಟುಕೊಳ್ಳಬೇಕು. ಈ ಲೆಕ್ಕದಲ್ಲಿ ಹೊಸಬರೂ ನಾಲ್ಕೈದು ದಿನದಲ್ಲಿ ಮುಗಿಸಬಹುದಾದ ಸುತ್ತು ಇಲ್ಲಿದೆ.

ಯಾವಾಗ ಹೊರಡಬೇಕು?

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗ ಮರ ಉರುಳುವುದು, ದರೆ ಕುಸಿಯುವುದು, ಕಾಲಿಗೆ ಉಂಬಳ ಹತ್ತುವುದು ಎಲ್ಲ ಮಾಮೂಲು. ಮಳೆಗಾಲದ ಚೆಲುವು ನೋಡಲೇಬೇಕೆಂದರೆ ಬಸ್ಸಿನಲ್ಲಿ ಹೋಗಿ. ನವೆಂಬರ್, ಡಿಸೆಂಬರ್‌ನಲ್ಲಿ ಬೆಳಗಿನ ಮಂಜು ದಟ್ಟವಾಗಿರುತ್ತದೆ. ಎದುರಿನ ರಸ್ತೆ ನಿಚ್ಚಳವಾಗಿ ಕಾಣುವವರೆಗೆ ಇನ್ನೊಂದು ಲೋಟ ಕಾಫಿ ಕುಡಿಯುತ್ತ ಕಾಯುವುದು ಲೇಸು.

ಸೈಕಲ್ ಮತ್ತು ಹೊರೆ

ದುಬಾರಿ ಸೈಕಲ್ ಬೇಕಿಲ್ಲ, ಹಗುರ ಗೇರ್ ಬೇಕು. ಹಿಂದಿನ ಚಕ್ರದ ದೊಡ್ಡ ಗೇರ್‌ನಲ್ಲಿ 32ರಿಂದ 36 ಹಲ್ಲು ಇದ್ದರೆ ಹೊರೆ ಹೊತ್ತೂ ಏರು ಹತ್ತಬಹುದು. ಟೈರ್ ತೀರಾ ಸಣ್ಣದು ಬೇಡ, 32ರಿಂದ 40 ಮಿ.ಮೀ. ಅಗಲದ್ದು ಸರಿ. ಗೇರ್ ಇಲ್ಲದ ಸೈಕಲ್ಲಿನವರು ಏರಿನಲ್ಲಿ ಇಳಿದು ತಳ್ಳಿದರಾಯಿತು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಬ್ರೇಕ್ ರಬ್ಬರ್ ಸವೆದಿದ್ದರೆ ಹೊರಡುವ ಮೊದಲೇ ಬದಲಿಸಿ.

ಬ್ಯಾಗನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್‌ನ ಎರಡೂ ಬದಿಗೆ ಸಮತೂಕದಲ್ಲಿ ಕಟ್ಟಿ. ಒಟ್ಟು ಹೊರೆ ಎಂಟು ಕೆ.ಜಿ. ದಾಟದಿರಲಿ. ಎರಡು ಜೊತೆ ಬಟ್ಟೆ, ತೆಳ್ಳನೆ ರೇನ್‌ಕೋಟ್, ಪಂಚೆ ಅಥವಾ ಟವೆಲ್, ಎರಡು ಟ್ಯೂಬ್, ಪಂಕ್ಚರ್ ಸಾಮಾನು, ಪಂಪ್, ಅಲೆನ್ ಕೀ, ಚೈನ್ ಎಣ್ಣೆ ಸಾಕು. ಬಟ್ಟೆಯನ್ನು ಬ್ಯಾಗಿಗೆ ತುಂಬುವ ಮೊದಲು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ಮಲೆನಾಡಿನ ಮಳೆ ಹೇಳಿ ಕೇಳಿ ಬರುವುದಿಲ್ಲ.

ರೈಲಿನಲ್ಲಿ ಶಿವಮೊಗ್ಗಕ್ಕೆ ಬರುವವರು ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಹೆಸರು, ಫೋನ್ ನಂಬರ್, ಇಳಿಯುವ ನಿಲ್ದಾಣವನ್ನು ರಟ್ಟಿನಲ್ಲಿ ದಪ್ಪಗೆ ಬರೆದು ಸೈಕಲ್ಲಿಗೆ ಕಟ್ಟಿ, ರೈಲಿಗೆ ಸಾಕಷ್ಟು ಮುಂಚೆ ಹೋಗಿ. ಬಸ್ಸಿನಲ್ಲಿ ಸಾಗಿಸಬೇಕೆಂದರೆ ಜಾಗವನ್ನು ಕಂಡಕ್ಟರ್ ಬಳಿ ಮೊದಲೇ ಕೇಳಿಕೊಳ್ಳಿ.

ಹಿಂದಿನ ದಿನ: ಕೂಡ್ಲಿಗೆ ತಾಲೀಮು

ಶಿವಮೊಗ್ಗಕ್ಕೆ ಮಧ್ಯಾಹ್ನವೇ ತಲುಪಿದರೆ ಪೂರ್ತಿ ಹೊರೆ ಕಟ್ಟಿಕೊಂಡೇ ಕೂಡ್ಲಿಗೆ ಹೋಗಿ ಬನ್ನಿ. ಹೋಗುವುದು ಸುಮಾರು 15 ಕಿ.ಮೀ., ದಾರಿ ಬಯಲು. ತುಂಗಾ, ಭದ್ರಾ ಸೇರಿ ತುಂಗಭದ್ರೆಯಾಗುವ ಜಾಗ ಇದು. ಯಾವ ಹಗ್ಗ ಸಡಿಲ, ಯಾವ ಬ್ಯಾಗ್ ಹಿಮ್ಮಡಿಗೆ ತಾಗುತ್ತದೆ, ಸೀಟು ಎಷ್ಟು ಏರಿಸಬೇಕು ಎನ್ನುವುದೆಲ್ಲ ಇಲ್ಲೇ ಗೊತ್ತಾಗುತ್ತದೆ. ಏನಾದರೂ ಕೊರತೆ ಕಂಡರೆ ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ ಇದೆ, ಆಗುಂಬೆಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ದಿನ 1: ಶಿವಮೊಗ್ಗ – ತೀರ್ಥಹಳ್ಳಿ, ಸುಮಾರು 60 ಕಿ.ಮೀ.

ಇದು ಹೊಳೆಯ ದಿನ. ಬಸ್ಸು, ಲಾರಿಗಳ ಓಡಾಟ ಹೆಚ್ಚಿರುವ ಹೆದ್ದಾರಿ, ಹಾಗಾಗಿ ಬೆಳಕು ಹರಿಯುತ್ತಲೇ ಹೊರಡಿ. ಗಾಜನೂರು ಅಣೆಕಟ್ಟು ದಾಟಿದ ಮೇಲೆ, ಶಿವಮೊಗ್ಗದಿಂದ 14 ಕಿ.ಮೀ. ಆಸುಪಾಸಿನಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಆನೆಗಳು ಹಿನ್ನೀರಿನಲ್ಲಿ ಮೀಯುವುದು ಬೆಳಗಿನ ಹೊತ್ತು. ಆಮೇಲೆ ಅವು ಕಾಡಿಗೆ ಹೋಗುತ್ತವೆ, ತಡವಾಗಿ ಹೋದವರಿಗೆ ಖಾಲಿ ಬಿಡಾರ.

ಮಂಡಗದ್ದೆ ಅರ್ಧ ದಾರಿ. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ಹೋಗಿ ಹಕ್ಕಿ ಕಾಣಲಿಲ್ಲ ಎಂದು ಕೊರಗಬೇಡಿ, ನೆರಳಲ್ಲಿ ಕೂತು ಬುತ್ತಿ ಬಿಚ್ಚಿ.

ಈ ರಸ್ತೆಯ ಒಂದು ಉಪಾಯ ಕಲಿತರೆ ದಣಿವು ಅರ್ಧ ಇಳಿಯುತ್ತದೆ. ಹೊಳೆಗೆ ಸೇರುವ ಒಂದೊಂದು ಹಳ್ಳಕ್ಕೂ ರಸ್ತೆ ಇಳಿದು, ಮೋರಿ ದಾಟಿ, ಮತ್ತೆ ಏರುತ್ತದೆ. ಮೋರಿ ದಾಟುವ ಮೊದಲೇ, ಇಳಿಜಾರಿನ ಓಟ ಇನ್ನೂ ಇರುವಾಗಲೇ, ಗೇರ್ ಹಗುರ ಮಾಡಿಕೊಳ್ಳಿ. ಏರಿನ ನಡುವೆ ಪೆಡಲ್ ಬಿಗಿಯಾದ ಮೇಲೆ ಗೇರ್ ಬದಲಿಸಹೋದರೆ ಚೈನ್ ಕಟಕಟ ಎಂದು ಜಾರುತ್ತದೆ. ಹಳೆಯ ಚೈನ್ ಆದರೆ ತುಂಡಾದೀತು.

ತೀರ್ಥಹಳ್ಳಿಯಲ್ಲಿ ಲಾಡ್ಜ್, ಹೋಟೆಲ್, ಎಟಿಎಂ, ಔಷಧಿ ಅಂಗಡಿ ಎಲ್ಲ ಇವೆ. ಸಂಜೆ ಕಮಾನು ಸೇತುವೆಯ ಕೆಳಗೆ ಹೊಳೆದಂಡೆಗೆ ಹೋಗಿ ಬನ್ನಿ. ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಮಾತ್ರ ರೂಮು ಮೊದಲೇ ಹೇಳಿಟ್ಟಿರಬೇಕು.

ದಿನ 2: ತೀರ್ಥಹಳ್ಳಿ – ಕುಂದಾದ್ರಿ – ಆಗುಂಬೆ

ಇದು ಗುಡ್ಡದ ದಿನ. ನೇರ ಹೋದರೆ ಆಗುಂಬೆ ಸುಮಾರು 32 ಕಿ.ಮೀ. ಆದರೆ ಕುಂದಾದ್ರಿಯ ಏರಿಗೆ ಅರ್ಧ ದಿನ ತೆಗೆದಿಡಿ. ದಾರಿಯಲ್ಲಿ ಸಿಗುವ ಮೇಗರವಳ್ಳಿಯ ಹೆಸರು ಕುವೆಂಪು ಅವರ 1967ರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಹೊಸದಲ್ಲ. ಆಗುಂಬೆಗೆ ಮುನ್ನ ಗುಡ್ಡೇಕೇರಿಯಲ್ಲಿ ಕುಂದಾದ್ರಿಗೆ ತಿರುಗಬೇಕು. ಬ್ಯಾಗುಗಳನ್ನು ಇಲ್ಲಿನ ಯಾವುದಾದರೂ ಅಂಗಡಿಯಲ್ಲಿ ಕೇಳಿ ಇಟ್ಟು, ನೀರಿನ ಬಾಟಲಿ ಮಾತ್ರ ಹಿಡಿದು ಹತ್ತಿ. ಎಂಟುನೂರು ಮೀಟರ್ ದಾಟಿದ ಈ ಬೆಟ್ಟದ ಕೊನೆಯ ಏರು ಬಲು ಕಡಿದು. ಅಲ್ಲಿ ಸೈಕಲ್ ತಳ್ಳುವುದೇ ಜಾಣತನ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ, ಸುತ್ತ ಕಾಡು ಮತ್ತು ಅಡಿಕೆ ತೋಟಗಳ ಕಣಿವೆ. ಇಳಿಯುವಾಗ ತರಗೆಲೆ ಮತ್ತು ಪಾಚಿಯ ಮೇಲೆ ಚಕ್ರ ಜಾರದಂತೆ ನಿಧಾನ.

ಆಗುಂಬೆ ಪುಟ್ಟ ಊರು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಇಲ್ಲೇ. ಹೋಮ್‌ಸ್ಟೇಗಳಿವೆ, ಫೋನ್ ಮಾಡಿಯೇ ಬನ್ನಿ.

ಘಾಟಿ ಇಳಿಯಬೇಕೇ?

ಸೂರ್ಯಾಸ್ತ ನೋಡುವ ಕಟ್ಟೆ ಘಾಟಿಯ ಮೇಲ್ಭಾಗದಲ್ಲೇ ಇದೆ, ಅಲ್ಲಿಗೆ ಹೋಗಿ ವಾಪಸಾದರೆ ಸಾಕು. ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಮುಟ್ಟಿದರೆ, ಇಳಿದ ಎತ್ತರವನ್ನೆಲ್ಲ ಮತ್ತೆ ಹತ್ತಬೇಕು. ಹೆಬ್ರಿ ಮೂಲಕ ಉಡುಪಿಗೆ ಹೋಗಿ ಪ್ರವಾಸ ಮುಗಿಸುವವರು ಮಾತ್ರ ಇಳಿಯಿರಿ.

ಇಳಿಯುವ ಕ್ರಮ ಹೀಗೆ: ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ, ತಿರುವಿನ ಒಳಗೆ ಬ್ರೇಕ್ ಸಡಿಲಿಸಿ. ಉದ್ದಕ್ಕೂ ಹಿಡಿದೇ ಇದ್ದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ಮೂರು ನಾಲ್ಕು ತಿರುವಿಗೊಮ್ಮೆ ಬದಿಗೆ ನಿಂತು ಚಕ್ರ ಆರಲು ಬಿಡಿ. ಹತ್ತಿ ಬರುವ ಬಸ್ಸುಗಳಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ, ಅವಕ್ಕೆ ಮೊದಲು ದಾರಿ ಕೊಡಿ. ನಿಂತ ಜಾಗದಲ್ಲಿ ತಿಂಡಿ ಪೊಟ್ಟಣ ಹೊರತೆಗೆದರೆ ಮಂಗಗಳ ಹಿಂಡು ಹಾಜರ್.

ದಿನ 3: ಆಗುಂಬೆ – ಶೃಂಗೇರಿ, ಸುಮಾರು 28 ಕಿ.ಮೀ.

ಬೇಗಾರು ಮೂಲಕ ಹೋಗುವ ಈ ಕಾಡುದಾರಿ ಇಡೀ ಸುತ್ತಿನಲ್ಲಿ ಅತಿ ಸೊಗಸು. ವಾಹನ ಕಡಿಮೆ, ಮೊಬೈಲ್ ಸಿಗ್ನಲ್ ಅದಕ್ಕಿಂತ ಕಡಿಮೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಹಾವು ರಸ್ತೆ ದಾಟುತ್ತಿದ್ದರೆ ದೂರದಲ್ಲೇ ನಿಲ್ಲಿ, ಇದು ಕಾಳಿಂಗದ ಸೀಮೆ. ಕಾಟಿ ಎದುರಾದರೂ ಅಷ್ಟೇ, ಅದು ಸರಿದ ಮೇಲೆ ನಿಮ್ಮ ಸರದಿ.

ಮಧ್ಯಾಹ್ನದೊಳಗೆ ಶೃಂಗೇರಿ. ಮಠದ ಭೋಜನಶಾಲೆಯಲ್ಲಿ ಊಟ, ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇಗುಲದಲ್ಲಿ ಹನ್ನೆರಡು ರಾಶಿಕಂಬಗಳು, ಸ್ನಾನಘಟ್ಟದಲ್ಲಿ ಮೀನಿನ ಹಿಂಡು. ಸೈಕಲ್ ಚಡ್ಡಿಯಲ್ಲಿ ದೇಗುಲಕ್ಕೆ ಹೋಗುವಂತಿಲ್ಲ, ಪಂಚೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಾಲು ಸೋತಿಲ್ಲದಿದ್ದರೆ ಕಿಗ್ಗಾದ ಋಷ್ಯಶೃಂಗ ದೇವಸ್ಥಾನ, ಅದರಾಚೆಯ ಸಿರಿಮನೆ ಜಲಪಾತಕ್ಕೆ ಹೋಗಿಬರಬಹುದು. ಆದರೆ ಅದು ಹೊಳೆ ಬಿಟ್ಟು ಹತ್ತುವ ದಾರಿ. ಸೋತಿದ್ದರೆ ಆಟೋ ಹಿಡಿಯಿರಿ. ತುಂಗೆ ಹುಟ್ಟುವ ಗಂಗಾಮೂಲ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. ಅದನ್ನು ಈ ಸುತ್ತಿಗೆ ಸೇರಿಸಬೇಡಿ.

ದಿನ 4: ಶೃಂಗೇರಿ – ಕೊಪ್ಪ – ಕುಪ್ಪಳಿ – ತೀರ್ಥಹಳ್ಳಿ

ಹರಿಹರಪುರದವರೆಗೆ ಮತ್ತೆ ಹೊಳೆಯ ಪಕ್ಕ, ಅಲ್ಲಿಂದ ಕೊಪ್ಪಕ್ಕೆ ಏರು. ಕೊಪ್ಪದಲ್ಲಿ ಹೊಟ್ಟೆ ತುಂಬಿಸಿಕೊಂಡರೆ ಮುಂದೆ ಒಟ್ಟಾರೆ ಇಳಿಕೆಯೇ. ಗಡಿಕಲ್ ಬಳಿ ಕುಪ್ಪಳಿಗೆ ತಿರುಗಿ ಕುವೆಂಪು ಅವರ ಕವಿಮನೆ, ಕವಿಶೈಲ ನೋಡಿ ಸಂಜೆಗೆ ತೀರ್ಥಹಳ್ಳಿ ಸೇರಬಹುದು. ಕೊಯ್ಲಿನ ಕಾಲವಾದರೆ ಅಂಗಳದ ಹಂಡೆಗಳಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ದಾರಿಯುದ್ದಕ್ಕೂ ಹಿಂಬಾಲಿಸುತ್ತದೆ. ತೋಟದ ಮನೆಯ ನಾಯಿಗಳೂ ಹಿಂಬಾಲಿಸುತ್ತವೆ. ಆಗ ಓಡಿಸಬೇಡಿ. ಇಳಿದು, ಸೈಕಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ.

ಮರುದಿನ ಬಂದ ದಾರಿಯಲ್ಲೇ ಶಿವಮೊಗ್ಗ. ರಜೆ ಮುಗಿದಿದ್ದರೆ ಸೈಕಲ್ ಬಸ್ಸಿಗೆ.

ಮರೆಯಬಾರದ ಎಚ್ಚರಗಳು

• ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ಹರಡುವುದು ಉಣುಗಿನಿಂದ. ತರಗೆಲೆಯ ಮೇಲೆ ಕೂರಬೇಡಿ, ರಸ್ತೆ ಬಿಟ್ಟು ಕಾಡಿಗೆ ನುಗ್ಗಬೇಡಿ, ಸಂಜೆ ಬಿಸಿನೀರಲ್ಲಿ ಸೋಪು ಹಚ್ಚಿ ಮಿಂದು ಮೈ ಪರೀಕ್ಷಿಸಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

• ಕತ್ತಲೆ: ಸೂರ್ಯ ಮುಳುಗಿದ ಮೇಲೆ ಸವಾರಿ ಬೇಡ. ಮರಗಳ ನೆರಳಿನ ರಸ್ತೆಯಲ್ಲಿ ಹಗಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

• ಹೊಳೆ: ಗೊತ್ತಿಲ್ಲದ ಗುಂಡಿಗೆ ಇಳಿಯಬೇಡಿ. ಸ್ಥಳೀಯರು ಮೀಯುವ ಕಡೆ ಮಾತ್ರ, ಅದೂ ಅವರನ್ನು ಕೇಳಿ.

• ಊಟ: ಬೆಳಿಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ ತಿಂದು ಹೊರಡಿ. ಬಾಳೆಹಣ್ಣು, ಬೆಲ್ಲ, ಕಡಲೆ ಜೊತೆಗಿರಲಿ. ಸಣ್ಣ ಅಂಗಡಿಗಳಿಗೆ ಚಿಲ್ಲರೆ ಇಟ್ಟುಕೊಳ್ಳಿ.

• ದಾರಿ ಕೇಳುವಾಗ: 'ಎಷ್ಟು ದೂರ?' ಎಂದರೆ 'ಇಲ್ಲೇ, ಹತ್ರ' ಎಂಬ ಉತ್ತರ ಬರುತ್ತದೆ. ಅದು ಒಂದು ಕಿಲೋಮೀಟರ್ ಇರಬಹುದು, ಆರೂ ಇರಬಹುದು. 'ಏರು ಎಷ್ಟಿದೆ?' ಎಂದು ಕೇಳಿ. ತಲೆಹೊರೆ ಹೊತ್ತು ನಡೆದವರ ಊರಿದು, ಆ ಉತ್ತರ ತಪ್ಪುವುದಿಲ್ಲ.

ನಾಲ್ಕು ದಿನ ರಜೆ ಸಿಗದವರು ಮೊದಲ ದಿನದ ದಾರಿಯೊಂದನ್ನೇ ಮಾಡಿ, ತೀರ್ಥಹಳ್ಳಿಯಲ್ಲಿ ತಂಗಿ ಮರುದಿನ ವಾಪಸಾಗಬಹುದು. ಆ ದಾರಿಯಲ್ಲಿ ಮರುದಿನವೂ ಕಾಲು ಮಾತು ಕೇಳಿದರೆ, ಮುಂದಿನ ಸಲ ಆಗುಂಬೆಯ ಕಡೆ ಹ್ಯಾಂಡಲ್ ತಿರುಗಿಸಲು ನೀವು ಸಿದ್ಧ.